ಚಿತ್ರದ ಹೆಸರು, ನೋಟದ ಹಾದಿ

ಚಿತ್ರಪ್ರದರ್ಶನಕ್ಕೆ ಹೋದಾಗ ನಮ್ಮಲ್ಲಿ ಬಹುಮಂದಿ ಮೊದಲು ಓದುವುದು ಪಕ್ಕದಲ್ಲಿರುವ ಹೆಸರಿನ ಚೀಟಿಯನ್ನು. ಚಿತ್ರವನ್ನು ನೋಡುವುದು ಆಮೇಲೆ. ಸಾಮಾನ್ಯ ಚಿತ್ರಗಳ ಮಟ್ಟಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಒಂದೇ ರೇಖೆಯಲ್ಲಿ ಎರಡು ರೂಪಗಳನ್ನು ಅಡಗಿಸಿಕೊಂಡಿರುವ ದ್ವ್ಯರ್ಥಚಿತ್ರಗಳಲ್ಲಿ ಯಾವ ರೂಪ ಮೊದಲು ಕಾಣಬೇಕೆಂಬುದನ್ನು ಶೀರ್ಷಿಕೆಯೇ ನಿರ್ಧರಿಸಿಬಿಡಬಲ್ಲದು.

ಕಾರ್ಮೈಕೇಲ್, ಹೋಗನ್ ಮತ್ತು ವಾಲ್ಟರ್ ಎಂಬ ಮನೋವಿಜ್ಞಾನಿಗಳು 1932ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸಾಕ್ಷಿ. ಗೆರೆಯೊಂದರಿಂದ ಜೋಡಿಸಿದ ಎರಡು ವೃತ್ತಗಳನ್ನು ಕೆಲವರಿಗೆ ‘ಕನ್ನಡಕ’ವೆಂದೂ ಕೆಲವರಿಗೆ ‘ಡಂಬೆಲ್’ ಎಂದೂ ಹೇಳಿ ತೋರಿಸಲಾಯಿತು. ಅನಂತರ ನೆನಪಿನಿಂದ ಬರೆಯುವಾಗ ಅನೇಕರ ಚಿತ್ರಗಳು ಕೇಳಿದ ಹೆಸರಿನತ್ತಲೇ ವಾಲಿದವು. ಹೆಸರು ನೋಟವನ್ನಷ್ಟೇ ಅಲ್ಲ, ನೆನಪನ್ನೂ ತಿದ್ದುತ್ತದೆ.

ಸಾಲ್ವಡಾರ್ ಡಾಲಿ 1940ರಲ್ಲಿ ರಚಿಸಿದ ಚಿತ್ರವೊಂದು ಈಗ ಅಮೆರಿಕದ ಫ್ಲಾರಿಡಾದಲ್ಲಿರುವ ಡಾಲಿ ವಸ್ತುಸಂಗ್ರಹಾಲಯದಲ್ಲಿದೆ. ‘ಗುಲಾಮರ ಸಂತೆ ಮತ್ತು ಮರೆಯಾಗುತ್ತಿರುವ ವೋಲ್ಟೇರನ ಪ್ರತಿಮೆ’ ಎಂಬುದು ಅದರ ಶೀರ್ಷಿಕೆಯ ಅರ್ಥ. ಹೆಸರರಿಯದೆ ನೋಡಿದವರಿಗೆ ಹಳೆಯ ಕಾಲದ ಕಪ್ಪು-ಬಿಳಿ ಉಡುಪಿನ ಇಬ್ಬರು ಪಾಳುಗೋಡೆಯ ಮುಂದೆ ನಿಂತಂತೆ ಮಾತ್ರ ಕಂಡೀತು. ಹೆಸರು ತಿಳಿದೊಡನೆ ಅವರ ಮುಖಗಳೇ ಆ ಫ್ರೆಂಚ್ ಚಿಂತಕನ ಕಣ್ಣುಗಳಾಗುತ್ತವೆ, ಹಿಂದಿನ ಗೋಡೆಯ ಕಿಂಡಿ ಅವನ ನೆತ್ತಿಯಾಗುತ್ತದೆ. ‘ಮರೆಯಾಗುತ್ತಿರುವ’ ಎಂಬ ವಿಶೇಷಣವಂತೂ ಕಂಡದ್ದನ್ನು ಮತ್ತೆ ಕಳೆದುಕೊಳ್ಳುವಂತೆ ನಮ್ಮನ್ನು ಪ್ರೇರೇಪಿಸುತ್ತದೆ. ಮೊದಲ ನೋಟದ ಮುಗ್ಧತೆ ಮಾತ್ರ ಮರಳಿ ಬಾರದು.

ಅಮೆರಿಕದ ‘ಪಕ್’ ಪತ್ರಿಕೆಯಲ್ಲಿ 1915ರಲ್ಲಿ ಬಂದ ಡಬ್ಲ್ಯೂ. ಇ. ಹಿಲ್ ಅವರ ವ್ಯಂಗ್ಯಚಿತ್ರ ‘ನನ್ನ ಹೆಂಡತಿ ಮತ್ತು ನನ್ನ ಅತ್ತೆ’ ಇನ್ನೊಂದು ಬಗೆಯದು. ತರುಣಿಯ ಗಲ್ಲವೇ ವೃದ್ಧೆಯ ಮೂಗು, ಕಿವಿಯೇ ಕಣ್ಣು. ಶೀರ್ಷಿಕೆ ಇಬ್ಬರನ್ನೂ ಹೆಸರಿಸಿರುವುದರಿಂದ ಒಬ್ಬಳನ್ನು ಕಂಡವರು ಇನ್ನೊಬ್ಬಳನ್ನು ಹುಡುಕದೆ ಬಿಡರು. (ಅತ್ತೆಯನ್ನು ವೃದ್ಧೆಯಾಗಿಸಿದ ಹಾಸ್ಯ ನಮಗೆ ಅಷ್ಟೇನೂ ರುಚಿಸದು!)

ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಚಾರ್ಲ್ಸ್ ಆಲನ್ ಗಿಲ್ಬರ್ಟ್ 1892ರಲ್ಲಿ ಬರೆದ ‘ಆಲ್ ಈಸ್ ವ್ಯಾನಿಟಿ’. ಕನ್ನಡಿಯ ಮುಂದೆ ಕುಳಿತ ಸುಂದರಿ ದೂರದಿಂದ ತಲೆಬುರುಡೆಯಾಗಿ ಕಾಣುತ್ತಾಳೆ. ‘ವ್ಯಾನಿಟಿ’ ಎಂದರೆ ರೂಪಗರ್ವ, ವ್ಯರ್ಥತೆ, ಅಲಂಕಾರದ ಮೇಜು, ಮೂರೂ ಹೌದು. ನಮ್ಮ ಕಾವ್ಯಮೀಮಾಂಸೆಯ ಭಾಷೆಯಲ್ಲಿ ಹೇಳುವುದಾದರೆ, ಚಿತ್ರದಲ್ಲಿಯೂ ಶ್ಲೇಷೆ, ಹೆಸರಿನಲ್ಲಿಯೂ ಶ್ಲೇಷೆ. ಇದನ್ನು ಕನ್ನಡಕ್ಕೆ ತರುವುದು ಕಷ್ಟ. ‘ಎಲ್ಲವೂ ವ್ಯರ್ಥ’ ಎಂದರೆ ಬುರುಡೆ ಉಳಿಯುತ್ತದೆ, ಸುಂದರಿ ಹೋಗುತ್ತಾಳೆ.

ಶಿಲ್ಪದಲ್ಲಿಯೂ ಈ ಚಮತ್ಕಾರವುಂಟು. ಕುಂಭಕೋಣದ ಬಳಿಯ ದಾರಾಸುರಂನಲ್ಲಿರುವ 12ನೆಯ ಶತಮಾನದ ಐರಾವತೇಶ್ವರ ದೇವಾಲಯದಲ್ಲಿ ಆನೆಗೂ ಗೂಳಿಗೂ ಒಂದೇ ತಲೆಯಿರುವ ಉಬ್ಬುಶಿಲ್ಪವಿದೆ. ‘ಋಷಭಕುಂಜರ’ ಎಂಬ ಅದರ ಹೆಸರು ಎರಡಕ್ಕೂ ಸಮಪಾಲು ಕೊಟ್ಟಿದೆ. ಚೆನ್ನೈನ ಕನ್ನಡ ಕುಟುಂಬಗಳು ಅತ್ತ ಹೋದಾಗ, ಮಕ್ಕಳಿಗೆ ಆ ಹೆಸರನ್ನು ಹೇಳುವ ಮುನ್ನ ಮೊದಲು ಯಾವ ಪ್ರಾಣಿ ಕಂಡಿತೆಂದು ಕೇಳಬಹುದು.