ಸೇಂಟ್ ಹೆಲೆನಾ – ಅಸೆನ್ಶನ್ ವಿಮಾನ ಮಾರ್ಗ

ಸೇಂಟ್ ಹೆಲೆನಾ – ಅಸೆನ್ಶನ್ ವಿಮಾನ ಮಾರ್ಗವು ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ಎರಡು ಬ್ರಿಟಿಷ್ ದ್ವೀಪಗಳ ಸಣ್ಣ ವಿಮಾನ ನಿಲ್ದಾಣಗಳನ್ನು ಜೋಡಿಸುವ ಮಾರ್ಗವಾಗಿದೆ. ಇವುಗಳ ನಡುವಿನ ನೇರ ಅಂತರ ಸುಮಾರು 1,300 ಕಿ.ಮೀ. (ಸುಮಾರು 700 ನಾಟಿಕಲ್ ಮೈಲಿ). ಜೆಟ್ ವಿಮಾನದಲ್ಲಿ ಪ್ರಯಾಣಕ್ಕೆ ಸುಮಾರು 2 ಗಂಟೆ ಬೇಕಾಗುತ್ತದೆ.

ನಿಲ್ದಾಣಗಳು

ಸೇಂಟ್ ಹೆಲೆನಾ ವಿಮಾನ ನಿಲ್ದಾಣವು (ಸಂಕೇತ: ಎಚ್‌ಎಲ್‌ಇ) ದ್ವೀಪದ ಪೂರ್ವ ಭಾಗದ ಪ್ರಾಸ್ಪರಸ್ ಬೇ ಬಯಲಿನಲ್ಲಿ, ಕಡಿದಾದ ಕಡಲಬಂಡೆಗಳ ಮೇಲಿದೆ. ಇದರ ರನ್‌ವೇ ಉದ್ದ 1,950 ಮೀಟರ್. ಅಸೆನ್ಶನ್ ದ್ವೀಪದ ವೈಡ್‌ಅವೇಕ್ ನಿಲ್ದಾಣವನ್ನು (ಎಎಸ್‌ಐ) ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ನಿರ್ಮಿಸಿದರು. ಅಲ್ಲಿ ಗೂಡುಕಟ್ಟುವ ರೀವ ಜಾತಿಯ ಕಡಲ ಹಕ್ಕಿಯ ಸ್ಥಳೀಯ ಹೆಸರೇ ನಿಲ್ದಾಣಕ್ಕೂ ಬಂದಿದೆ. ಇದರ ರನ್‌ವೇ ಸುಮಾರು 3 ಕಿ.ಮೀ. ಉದ್ದವಿದೆ.

ಅಂತರದ ಲೆಕ್ಕ

ಭೂಮಿಯು ಗೋಳಾಕಾರವಾಗಿರುವುದರಿಂದ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ಅಂತರವನ್ನು ಮಹಾವೃತ್ತದ ಚಾಪದ ಮೂಲಕ ಅಳೆಯಲಾಗುತ್ತದೆ. ಸೇಂಟ್ ಹೆಲೆನಾ ಸುಮಾರು 16° ದಕ್ಷಿಣ ಅಕ್ಷಾಂಶದಲ್ಲಿಯೂ, ಅಸೆನ್ಶನ್ ಸುಮಾರು 8° ದಕ್ಷಿಣ ಅಕ್ಷಾಂಶದಲ್ಲಿಯೂ ಇವೆ. ರೇಖಾಂಶದಲ್ಲಿ ಅಸೆನ್ಶನ್ ಸುಮಾರು 8.75° ಪಶ್ಚಿಮಕ್ಕಿದೆ. ಇವುಗಳಿಂದ ಭೂಕೇಂದ್ರದಲ್ಲಿ ಉಂಟಾಗುವ ಕೋನ ಸುಮಾರು 11.7°. ಮಹಾವೃತ್ತದ ಒಂದು ಡಿಗ್ರಿಗೆ 111.2 ಕಿ.ಮೀ.ಯಂತೆ ಗುಣಿಸಿದರೆ ಸುಮಾರು 1,300 ಕಿ.ಮೀ. ದೊರೆಯುತ್ತದೆ.

ಹಾರಾಟದ ಅವಧಿ

ಈ ಮಾರ್ಗದಲ್ಲಿ ಬಳಸಲಾದ ಎಂಬ್ರೇಯರ್ ಇ190 ವಿಮಾನದ ಯಾನವೇಗ ಗಂಟೆಗೆ ಸುಮಾರು 830 ಕಿ.ಮೀ. ಇದೇ ವೇಗದಲ್ಲಿ ಪೂರ್ಣ ದೂರವನ್ನು ಕ್ರಮಿಸುವುದಾದರೆ 1 ಗಂಟೆ 34 ನಿಮಿಷ ಸಾಕು. ಆದರೆ ಮೇಲೇರುವಾಗ ಹಾಗೂ ಇಳಿಯುವಾಗ ವೇಗ ಕಡಿಮೆಯಿರುತ್ತದೆ. ನೆಲದ ಮೇಲಿನ ಚಲನೆಗೂ ಸಮಯ ಬೇಕು. ಆದ್ದರಿಂದ ವಾಸ್ತವಿಕ ಅವಧಿ ಹೆಚ್ಚಾಗಿದ್ದು, ಗಾಳಿಯ ದಿಕ್ಕಿಗೆ ಅನುಗುಣವಾಗಿ ಬದಲಾಗುತ್ತದೆ. ಎರಡೂ ದ್ವೀಪಗಳು ಗ್ರೀನಿಚ್ ಸಮಯವನ್ನೇ ಪಾಲಿಸುವುದರಿಂದ ಪ್ರಯಾಣಿಕರು ಗಡಿಯಾರ ಬದಲಿಸಬೇಕಾಗಿಲ್ಲ.

ಇತಿಹಾಸ

ವಿಮಾನ ನಿಲ್ದಾಣವಾಗುವ ಮೊದಲು ಸೇಂಟ್ ಹೆಲೆನಾವನ್ನು ಸಮುದ್ರ ಮಾರ್ಗವಾಗಿ ಮಾತ್ರ ತಲುಪಬಹುದಾಗಿತ್ತು. ಆರ್‌ಎಂಎಸ್ ಸೇಂಟ್ ಹೆಲೆನಾ ಹಡಗಿಗೆ ಅಸೆನ್ಶನ್‌ನಿಂದ ಅಲ್ಲಿಗೆ ಹೋಗಲು ಸುಮಾರು ಎರಡು ದಿನ ಬೇಕಾಗುತ್ತಿತ್ತು. ನಿಲ್ದಾಣವನ್ನು 2016ರಲ್ಲಿ ತೆರೆಯಲು ಯೋಜಿಸಲಾಗಿತ್ತಾದರೂ, ರನ್‌ವೇಯ ಉತ್ತರ ತುದಿಯಲ್ಲಿ ಗಾಳಿಯ ವೇಗ ಮತ್ತು ದಿಕ್ಕು ಹಠಾತ್ತನೆ ಬದಲಾಗುವುದು ಕಂಡುಬಂದುದರಿಂದ ನಿಯಮಿತ ಸೇವೆ ತಡವಾಯಿತು. 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗ್‌ನಿಂದ ಮೊದಲ ನಿಯಮಿತ ವಿಮಾನ ಬಂದಿಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಸೆನ್ಶನ್‌ಗೆ ತಿಂಗಳಿಗೊಮ್ಮೆ ವಿಮಾನ ಹಾರಾಟ ಆರಂಭವಾಯಿತು. ಹಡಗು 2018ರ ಫೆಬ್ರವರಿಯಲ್ಲಿ ಸೇವೆಯಿಂದ ನಿವೃತ್ತವಾಯಿತು.

ಮಹತ್ವ

ಅಸೆನ್ಶನ್‌ನಲ್ಲಿ ಶಾಶ್ವತ ವಾಸದ ಹಕ್ಕಿಲ್ಲ. ಉದ್ಯೋಗದ ಅವಧಿ ಮುಗಿದವರು ಮರಳಬೇಕು. ಅಲ್ಲಿ ದುಡಿಯುವವರಲ್ಲಿ ಸೇಂಟ್ ಹೆಲೆನಾದವರೇ ಹೆಚ್ಚಿನವರಾಗಿದ್ದು, ಅವರಿಗೆ ಈ ಮಾರ್ಗವು ಮನೆಗೆ ಹೋಗುವ ದಾರಿಯಾಗಿದೆ. 2017ರ ಏಪ್ರಿಲ್‌ನಲ್ಲಿ ರನ್‌ವೇ ಹದಗೆಟ್ಟ ಕಾರಣ ವೈಡ್‌ಅವೇಕ್‌ನಲ್ಲಿ ದೊಡ್ಡ ವಿಮಾನಗಳ ಇಳಿಕೆ ನಿಂತಾಗ, ಬ್ರಿಟನ್ನಿನ ನೇರ ವಿಮಾನ ಸಂಪರ್ಕ ಕಡಿದು ಈ ಮಾರ್ಗದ ಅವಲಂಬನೆ ಹೆಚ್ಚಿತು. ಹಾರಾಟದ ಅವಧಿ ಎರಡೇ ಗಂಟೆಯಾದರೂ, ತಿಂಗಳಿಗೊಂದೇ ವಿಮಾನವಿರುವಾಗ ಅದು ತಪ್ಪಿದರೆ ಮುಂದಿನದಕ್ಕಾಗಿ ವಾರಗಟ್ಟಲೆ ಕಾಯಬೇಕಾಗುತ್ತದೆ.