ಹಿಂದೆ ಕೂತವರ ಭಾರ

ರಸ್ತೆಯಲ್ಲಿ ಗುಂಡಿ ಬಂದರೆ ಬೈಕು ಓಡಿಸುವವರಿಗೆ ಅದು ಮೊದಲೇ ಕಾಣುತ್ತದೆ. ಅವರು ಫುಟ್‌ರೆಸ್ಟಿನ ಮೇಲೆ ಕಾಲೂರಿ ಅರ್ಧ ಏಳುತ್ತಾರೆ. ಹಿಂದೆ ಕೂತವರಿಗೆ ಗುಂಡಿಯ ಸುದ್ದಿ ತಿಳಿಯುವುದು ಬೆನ್ನುಮೂಳೆಯ ಮೂಲಕ. ಮೋಟಾರ್‌ಸೈಕಲ್ಲಿನ ಚರಿತ್ರೆಯನ್ನು ಎಂಜಿನ್ನು, ವೇಗ, ರೇಸಿನ ಗೆಲುವುಗಳ ಕತೆಯಾಗಿ ಹೇಳುವುದು ವಾಡಿಕೆ. ಅದನ್ನೇ ಹಿಂದಿನ ಸೀಟಿನಿಂದ ನೋಡಿದರೆ ಬೇರೊಂದು ಪ್ರಶ್ನೆ ಮುಂದೆ ಬರುತ್ತದೆ. ಬೆಳಿಗ್ಗೆ ಒಬ್ಬರು, ಸಂಜೆ ಇಬ್ಬರು, ಹಬ್ಬದ ಹಿಂದಿನ ದಿನ ಇಬ್ಬರ ಜೊತೆಗೊಂದು ಮೂಟೆ. ಹೀಗೆ ಹೊತ್ತಿಗೊಂದು ಭಾರವನ್ನು ಒಂದೇ ಗಾಡಿ ಹೊರುವುದು ಹೇಗೆ?

ಮೊದಮೊದಲ ಮೋಟಾರ್‌ಸೈಕಲ್ಲು ಎಂಜಿನ್ನು ಕಟ್ಟಿಕೊಂಡ ಸೈಕಲ್ಲೇ ಆಗಿತ್ತು. ಹಿಂದಿನ ಚಕ್ರ ಸೈಕಲ್ಲಿನಲ್ಲಿರುವಂತೆ ಚೌಕಟ್ಟಿಗೇ ಬಿಗಿದುಕೊಂಡಿತ್ತು. 1888ರಲ್ಲಿ ಡನ್‌ಲಪ್ ಪೇಟೆಂಟ್ ಪಡೆದ ಗಾಳಿಯ ಟೈರೇ ನೆಲಕ್ಕೂ ಮೈಗೂ ನಡುವಿನ ಮೆತ್ತೆ. ಮುಂದಿನ ಚಕ್ರಕ್ಕೆ ಬೇಗನೆ ಸ್ಪ್ರಿಂಗ್ ಬಂತು, ಸವಾರನ ಸೀಟಿನ ಕೆಳಗೂ ಬಂತು. ಹಿಂದಿನ ಚಕ್ರಕ್ಕೆ ತಡವಾಯಿತು. ಅದಕ್ಕೆ ಕಾರಣವೂ ಇತ್ತು. ಎಂಜಿನ್ನಿನ ಬಲ ಚೈನಿನ ಮೂಲಕ ಹೋಗುವುದು ಆ ಚಕ್ರಕ್ಕೇ. ಅದು ಮೇಲೆ ಕೆಳಗೆ ಆಡಿದರೆ ಚೈನು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ. ಆಡುವ ಕೀಲು ಸವೆದರೆ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಅಮೆರಿಕದ ಇಂಡಿಯನ್ ಕಂಪನಿ 1913ರಲ್ಲೇ ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗನ್ನು ಹಿಂಬದಿಗೆ ಕೂರಿಸಿತ್ತು. ಆದರೆ ಬಹುಪಾಲು ತಯಾರಕರು ಎರಡನೇ ಮಹಾಯುದ್ಧದವರೆಗೂ ಆ ದಾರಿ ಹಿಡಿಯಲಿಲ್ಲ.

ಗಾಳಿಯನ್ನು ಟೈರಿನಿಂದಾಚೆಗೂ ದುಡಿಸಿಕೊಂಡವರಲ್ಲಿ ಇಂಗ್ಲೆಂಡಿನ ವೆಲೊಸೆಟ್ ಕಂಪನಿ ಮುಖ್ಯವಾದುದು. ಡೌಟಿ ಎಂಬ ಸಂಸ್ಥೆ ವಿಮಾನಗಳು ನೆಲಕ್ಕಿಳಿಯುವಾಗ ಪೆಟ್ಟು ತಡೆಯುವ ಕಾಲುಗಳನ್ನು ಮಾಡುತ್ತಿತ್ತು. ವೆಲೊಸೆಟ್ ತನ್ನ ರೇಸ್ ಬೈಕಿನ ಹಿಂಬದಿಗೆ ಅದೇ ತತ್ವದ ಡೌಟಿ ಶಾಕ್ ಅಬ್ಸಾರ್ಬರುಗಳನ್ನು ಹಾಕಿತು. ಅವುಗಳಲ್ಲಿ ಉಕ್ಕಿನ ಸ್ಪ್ರಿಂಗ್ ಇರಲಿಲ್ಲ. ಭಾರ ಹೊರುವುದು ಒತ್ತಿದ ಗಾಳಿ, ಕುಣಿತ ತಡೆಯುವುದು ಎಣ್ಣೆ. 1939ರ ಕೆಟಿಟಿ ಮಾರ್ಕ್ 8 ಮಾದರಿಯಲ್ಲಿ ಈ ಏರ್ಪಾಡು ಇತ್ತು. ಆದರೆ ರೇಸ್ ಬೈಕಿನಲ್ಲಿ ಹಿಂದೆ ಕೂರುವವರೇ ಇಲ್ಲ!

ಯುದ್ಧ ಮುಗಿದ ಮೇಲಿನ ಕತೆ ನಮ್ಮ ಮೈಸೂರಿಗೂ ಬಂದು ಮುಟ್ಟುತ್ತದೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿ ನಾಜಿಗಳ ಆಳ್ವಿಕೆಯಲ್ಲಿ ಗುಟ್ಟಾಗಿ ರೂಪಿಸಿದ್ದ 250 ಸಿಸಿ ಬೈಕನ್ನು 1946ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿತು. ಅದರ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇತ್ತು. ಜನ ಅದನ್ನು 'ಪೇರಾಕ್' ಎಂದು ಕರೆದರು. ಚೆಕ್ ಭಾಷೆಯಲ್ಲಿ 'ಪೇರೊ' ಎಂದರೆ ಸ್ಪ್ರಿಂಗ್. ಯುದ್ಧಕಾಲದ ಪ್ರಾಗ್ ನಗರದ ಕತ್ತಲಲ್ಲಿ ಗೋಡೆಯಿಂದ ಗೋಡೆಗೆ ಜಿಗಿಯುವ 'ಸ್ಪ್ರಿಂಗ್ ಮನುಷ್ಯ'ನ ದಂತಕತೆಯೂ ಅದೇ ಹೆಸರಿನದು. 1954ರಲ್ಲಿ ಬಂದ ಜಾವಾ 353ರಲ್ಲಿ ಚಕ್ರ ಉದ್ದನೆಯ ತೋಳಿನ ತುದಿಯಲ್ಲಿ ಆಡತೊಡಗಿತು, ಎರಡು ಬದಿಗೆ ಎರಡು ಶಾಕ್ ಅಬ್ಸಾರ್ಬರುಗಳು. ಆ ವಂಶದ ಬೈಕುಗಳೇ 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದವು.

ಆದರೂ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಸುರುಳಿ ಸ್ಪ್ರಿಂಗನ್ನು ಒಂದು ಭಾರಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಇಬ್ಬರಿಗೆ ಹೊಂದುವಂತೆ ಮಾಡಿದರೆ ಒಬ್ಬರೇ ಹೋಗುವಾಗ ಗಾಡಿ ಕುಟ್ಟುತ್ತದೆ. ಒಬ್ಬರಿಗೆ ಮಾಡಿದರೆ ಇಬ್ಬರು ಕೂತಾಗ ತಳ ಹೊಡೆಯುತ್ತದೆ. ಸ್ಪ್ರಿಂಗಿನ ಬುಡದ ಬಳೆಯನ್ನು ತಿರುಗಿಸಿ ಹಂತ ಏರಿಸಿದರೆ ಕುಸಿದ ಗಾಡಿ ಮೇಲೆದ್ದು ನಿಲ್ಲುತ್ತದೆ, ಆದರೆ ಸ್ಪ್ರಿಂಗಿನ ಗಡಸು ಬದಲಾಗುವುದಿಲ್ಲ. ವೆಲೊಸೆಟ್ಟಿನವರು 1950ರ ದಶಕದ ರಸ್ತೆ ಬೈಕುಗಳಲ್ಲಿ ಜಾಣ ಉಪಾಯ ಮಾಡಿದರು. ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಾಗಿದ ಸೀಳಿನೊಳಗೆ ಸರಿಸಬಹುದಿತ್ತು. ಓರೆ ಇಟ್ಟರೆ ಮೆತ್ತಗೆ, ನೆಟ್ಟಗೆ ನಿಲ್ಲಿಸಿದರೆ ಗಟ್ಟಿ.

ಗಾಳಿಯ ಗುಣವೇ ಬೇರೆ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವನ್ನು ಹೈಸ್ಕೂಲಿನಲ್ಲಿ ಓದಿದ್ದೇವೆ. ಉಷ್ಣತೆ ಬದಲಾಗದಿದ್ದರೆ, ಗಾಳಿಯ ಜಾಗ ಅರ್ಧವಾದಾಗ ಒತ್ತಡ ಎರಡರಷ್ಟಾಗುತ್ತದೆ. ಹಾಗಾಗಿ ಗಾಳಿಯ ಶಾಕ್ ಅಬ್ಸಾರ್ಬರು ಸಣ್ಣ ಏರುಪೇರಿಗೆ ಮೆತ್ತಗಿದ್ದು, ದೊಡ್ಡ ಗುಂಡಿಗೆ ಕುಗ್ಗಿದಷ್ಟೂ ಗಡಸಾಗುತ್ತದೆ. ಭಾರ ಹೆಚ್ಚಿದರೆ ಟೈರಿಗೆ ಇರುವಂಥದೇ ವಾಲ್ವಿನಲ್ಲಿ ಸ್ವಲ್ಪ ಗಾಳಿ ತುಂಬಿದರಾಯಿತು. 1970ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಬಾಬ್ ಫಾಕ್ಸ್ ಮಣ್ಣಿನ ರೇಸಿಗಾಗಿ ಇಂಥವನ್ನು ತಯಾರಿಸಿ ಹೆಸರು ಮಾಡಿದರು. ಹಿಂದಿನ ಸೀಟಿಗೆ ಇದರ ಲಾಭ ಕಾರ್ಖಾನೆಯಿಂದಲೇ ದೊರೆತದ್ದು 1980ರ ಹೋಂಡಾ ಗೋಲ್ಡ್ ವಿಂಗ್ ಜಿಎಲ್ 1100ನಂಥ ಗಾಡಿಗಳಲ್ಲಿ. ಇಬ್ಬರು ಕೂತು, ಪೆಟ್ಟಿಗೆ ತುಂಬಾ ಸಾಮಾನು ಹೇರಿಕೊಂಡು ನೂರಾರು ಮೈಲಿ ಹೋಗಲೆಂದೇ ಮಾಡಿದ ಬೈಕು ಅದು.

ಗಾಳಿಗೂ ದೋಷಗಳಿವೆ. ರಬ್ಬರಿನ ಸೀಲು ಸವೆದರೆ ಸೋರುತ್ತದೆ. ದೂರ ಓಡಿ ಬಿಸಿಯಾದರೆ ಒತ್ತಡ ಏರುತ್ತದೆ. ಒಳಗಿನ ಜಾಗ ಚಿಕ್ಕದು, ಆದ್ದರಿಂದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಳಸಿದರೆ ಕ್ಷಣದಲ್ಲಿ ಮಿತಿ ಮೀರಿ ಸೀಲು ಕಿತ್ತುಹೋಗಬಹುದು. ಅದಕ್ಕೆಂದೇ ಇರುವ ಚಿಕ್ಕ ಕೈಪಂಪು ಬೇಕು. ಗಾಳಿ ಹೋದರೂ ಗಾಡಿ ಕುಸಿಯದಿರಲೆಂದು ಎಷ್ಟೋ ಮಾದರಿಗಳಲ್ಲಿ ಸ್ಪ್ರಿಂಗನ್ನೂ ಜೊತೆಗಿಡುತ್ತಾರೆ. ನಮ್ಮಲ್ಲಿ ಮಾರುವ 'ಗ್ಯಾಸ್ ಶಾಕ್'ಗಳನ್ನು ಇವುಗಳೆಂದು ತಿಳಿಯಬಾರದು. ಅವುಗಳಲ್ಲಿ ಭಾರ ಹೊರುವುದು ಸ್ಪ್ರಿಂಗೇ. ನೈಟ್ರೋಜನ್ ಅನಿಲ ಇರುವುದು ಎಣ್ಣೆ ನೊರೆಯಾಗದಿರಲೆಂದು.

ನಮ್ಮ ಬಹುತೇಕ ಬೈಕುಗಳಿಗೆ ಗಾಳಿಯ ವಾಲ್ವಿಲ್ಲ, ಆದರೆ ಹಂತಗಳಿರುವ ಬಳೆ ಹಲವಕ್ಕಿದೆ. ಷೋರೂಮಿನಿಂದ ಬಂದ ದಿನ ಯಾವ ಹಂತದಲ್ಲಿತ್ತೋ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸೀರೆಯುಟ್ಟು ಒಂದೇ ಬದಿಗೆ ಕಾಲಿಳಿಸಿ ಕೂತ ಅಮ್ಮನಿಗೆ ಫುಟ್‌ರೆಸ್ಟಿನ ಮೇಲೆ ಅರ್ಧ ಏಳುವ ಅನುಕೂಲವೂ ಇಲ್ಲ. ಆ ಬಳೆಯನ್ನು ಒಂದು ಹಂತ ತಿರುಗಿಸಲು ಗ್ಯಾರೇಜಿನಲ್ಲಿ ಎರಡು ನಿಮಿಷ ಸಾಕು.