ಹವಾನಿಯಂತ್ರಕ ಬದಲಿಸಿದರೆ ವಿದ್ಯುತ್ ಕಂಪನಿಯ ರಿಯಾಯಿತಿ: ಲಾಭ ಯಾರಿಗೆ?

ಸರಕು ಮಾರುವವನೇ ಗ್ರಾಹಕನ ಕೈಗೆ ಹಣವಿತ್ತು ‘ಇನ್ನು ಮುಂದೆ ಕಡಿಮೆ ಕೊಳ್ಳಿ’ ಎನ್ನುವುದು ವ್ಯಾಪಾರದ ರೂಢಿಯಲ್ಲ. ವಿದ್ಯುತ್ ವ್ಯವಹಾರ ಮಾತ್ರ ಇದಕ್ಕೆ ಅಪವಾದ. ದೆಹಲಿಯ ವಿತರಣಾ ಕಂಪನಿಗಳಾದ ಬಿಎಸ್‌ಇಎಸ್ ರಾಜಧಾನಿ, ಬಿಎಸ್‌ಇಎಸ್ ಯಮುನಾ ಹಾಗೂ ಟಾಟಾ ಪವರ್ ದೆಹಲಿ ಡಿಸ್ಟ್ರಿಬ್ಯೂಷನ್, ಮನೆಯ ಹಳೆಯ ಹವಾನಿಯಂತ್ರಕವನ್ನು ಒಪ್ಪಿಸಿ ಕಡಿಮೆ ವಿದ್ಯುತ್ ಬಳಸುವ ಹೊಸದನ್ನು ಕೊಳ್ಳುವವರಿಗೆ ಬೆಲೆಯಲ್ಲಿ ರಿಯಾಯಿತಿ ಕೊಡಿಸುವ ಯೋಜನೆಗಳನ್ನು ಹಲವು ಬೇಸಿಗೆಗಳಲ್ಲಿ ನಡೆಸಿವೆ.

ಇದರ ಹಿಂದಿರುವುದು ಔದಾರ್ಯವಲ್ಲ, ಲೆಕ್ಕಾಚಾರ. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್ ತಲುಪಿತು. ಇಂತಹ ಗರಿಷ್ಠ ಬೇಡಿಕೆ ವರ್ಷದ ಕೆಲವೇ ದಿನಗಳಲ್ಲಿ, ಕೆಲವೇ ಗಂಟೆಗಳ ಕಾಲ ಇರುತ್ತದೆ. ಆದರೆ ಆ ಕೆಲವು ಗಂಟೆಗಳಿಗಾಗಿ ತಂತಿ, ಪರಿವರ್ತಕ, ಉಪಕೇಂದ್ರಗಳನ್ನು ವರ್ಷವಿಡೀ ಸಜ್ಜಾಗಿಡಬೇಕು. ಕೊರತೆ ಬಿದ್ದರೆ ದುಬಾರಿ ದರದಲ್ಲಿ ವಿದ್ಯುತ್ ಖರೀದಿಸಬೇಕು. ರಾತ್ರಿ ಹನ್ನೊಂದಕ್ಕೆ ಬಡಾವಣೆಯ ಎಲ್ಲ ಮಲಗುವ ಕೋಣೆಗಳಲ್ಲೂ ಯಂತ್ರ ಒಟ್ಟಿಗೆ ಚಾಲೂ ಆದಾಗ ಮೊದಲು ಕೈಕೊಡುವುದು ಬೀದಿಯ ಪರಿವರ್ತಕವೇ. ಹೊಸ ಪರಿವರ್ತಕ ಹೂಡುವುದಕ್ಕಿಂತ ಹಳೆಯ ಯಂತ್ರ ತೆಗೆಸುವುದು ಎಷ್ಟೋ ಕಡೆ ಅಗ್ಗ.

ಮಾರಾಟ ತಗ್ಗಿದರೆ ಕಂಪನಿಗೆ ನಷ್ಟವಲ್ಲವೇ ಎಂಬ ಪ್ರಶ್ನೆ ಸಹಜ. ಈ ಬಗೆಯ ರಿಯಾಯಿತಿ ಬೆಳೆದು ಬಂದ ಅಮೆರಿಕದಲ್ಲಿ ಇದಕ್ಕೊಂದು ಉತ್ತರ ಕಂಡುಕೊಳ್ಳಲಾಯಿತು. ಕ್ಯಾಲಿಫೋರ್ನಿಯಾ ರಾಜ್ಯವು 1982ರಲ್ಲಿ ವಿದ್ಯುತ್ ಕಂಪನಿಗಳ ವರಮಾನವನ್ನು ಮಾರಾಟದ ಪ್ರಮಾಣದಿಂದ ಬೇರ್ಪಡಿಸಿತು. ನಿಯಂತ್ರಣ ಆಯೋಗ ಒಪ್ಪಿದ ವರಮಾನಕ್ಕಿಂತ ಕಡಿಮೆ ವಸೂಲಾದರೆ ಮುಂದಿನ ದರದಲ್ಲಿ ಸರಿದೂಗಿಸಲಾಗುತ್ತದೆ, ಹೆಚ್ಚಾದರೆ ಗ್ರಾಹಕರಿಗೆ ಮರಳುತ್ತದೆ. ಉಳಿತಾಯ ಪ್ರೋತ್ಸಾಹಿಸಿದ ಕಂಪನಿಗೆ ಇದರಿಂದ ದಂಡ ತಪ್ಪಿತು. ಆದರೆ ರಿಯಾಯಿತಿಯ ಖರ್ಚನ್ನು ದರದೊಳಗೆ ಸೇರಿಸುವ ಕಡೆಗಳಲ್ಲಿ ಅದನ್ನು ಎಲ್ಲ ಗ್ರಾಹಕರೂ ಹೊರುತ್ತಾರೆ, ಹವಾನಿಯಂತ್ರಕವೇ ಇಲ್ಲದ ಮನೆಯವರೂ ಸೇರಿ. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನ ಇನ್ನೂ ದೊರೆತಿಲ್ಲ.

ದೆಹಲಿಯ ಯೋಜನೆಗಳು ತಯಾರಿಕಾ ಕಂಪನಿಗಳ ಸಹಯೋಗದಲ್ಲಿ ನಡೆಯುತ್ತವೆ. ಸಾರ್ವಜನಿಕ ವಲಯದ ಇಇಎಸ್‌ಎಲ್ ಸಂಸ್ಥೆಯೂ 2019ರ ಜುಲೈನಲ್ಲಿ ಮೊದಲು ಬಿಎಸ್‌ಇಎಸ್ ಗ್ರಾಹಕರಿಗೆಂದು ಒಂದೂವರೆ ಟನ್ ಸಾಮರ್ಥ್ಯದ ಯಂತ್ರವನ್ನು 41,300 ರೂಪಾಯಿಗೆ ಮಾರಾಟಕ್ಕಿಟ್ಟಿತ್ತು. ವಿನಿಮಯ ಯೋಜನೆಯಲ್ಲಿ ಹಳೆಯ ಯಂತ್ರವನ್ನು ಕಡ್ಡಾಯವಾಗಿ ಪಡೆಯುವುದು ಸರಿಯಾದ ಕ್ರಮ. ಇಲ್ಲವಾದರೆ ಅದು ಪಕ್ಕದ ಕೋಣೆ ಸೇರುತ್ತದೆ, ಉಳಿತಾಯ ಕಾಗದದ ಮೇಲೆ ಉಳಿಯುತ್ತದೆ. ಗ್ರಾಹಕರು ಗಮನಿಸಬೇಕಾದದ್ದು ಮತ್ತೊಂದಿದೆ: ಜಾಹೀರಾತಿನ ಶೇಕಡಾವಾರು ರಿಯಾಯಿತಿಯನ್ನು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. ಅಂಗಡಿಯಲ್ಲಿ ಆ ಬೆಲೆಗೆ ಕೊಳ್ಳುವವರು ವಿರಳ. ಹೋಲಿಸಬೇಕಾದದ್ದು ಮಾರುಕಟ್ಟೆಯ ನಿಜವಾದ ಬೆಲೆಯೊಡನೆ.

ನಕ್ಷತ್ರಗಳ ವಿಷಯದಲ್ಲೂ ಎಚ್ಚರ ಅಗತ್ಯ. ಇಂಧನ ದಕ್ಷತಾ ಬ್ಯೂರೊ ಈ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುತ್ತದೆ. 2022ರ ಜುಲೈ ಪರಿಷ್ಕರಣೆಯಲ್ಲಿ ಅನೇಕ ಐದು ನಕ್ಷತ್ರದ ಯಂತ್ರಗಳು ನಾಲ್ಕಕ್ಕೆ ಇಳಿದವು. ಆದ್ದರಿಂದ ಚೀಟಿಯ ಮೇಲಿನ ವರ್ಷವನ್ನೂ ‘ವಾರ್ಷಿಕ ಬಳಕೆ’ ಎಂಬ ಅಂಕಿಯನ್ನೂ ಓದಬೇಕು. ಆ ಅಂಕಿ ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನು ಆಧರಿಸಿದ್ದು.

ಒಂದು ಯಂತ್ರದ ಚೀಟಿಯಲ್ಲಿ 1,000 ಯೂನಿಟ್, ಇನ್ನೊಂದರಲ್ಲಿ 750 ಯೂನಿಟ್ ಇದೆ ಎಂದಿಟ್ಟುಕೊಂಡರೆ ಉಳಿತಾಯ 250 ಯೂನಿಟ್, ಯೂನಿಟ್‌ಗೆ 6.50 ರೂಪಾಯಿಯಂತೆ ವರ್ಷಕ್ಕೆ 1,625 ರೂಪಾಯಿ. ಬೆಲೆಯ ಅಂತರ ಹತ್ತು ಸಾವಿರವಿದ್ದರೆ ಅದು ತೀರಲು ಆರು ವರ್ಷಕ್ಕೂ ಮಿಕ್ಕಿ ಬೇಕು. ರಿಯಾಯಿತಿ ಆ ಅಂತರವನ್ನು ಅರ್ಧಕ್ಕಿಳಿಸಿದರೆ ಮೂರೇ ವರ್ಷ ಸಾಕು.

ಇದೇ ಲೆಕ್ಕ ಬೆಂಗಳೂರಿನಲ್ಲಿ ಬೇರೆಯಾಗುತ್ತದೆ. ಬೇಸಿಗೆಯಲ್ಲಿ 400 ಗಂಟೆ ಮಾತ್ರ ಯಂತ್ರ ಓಡಿಸುವ ಮನೆಯಲ್ಲಿ ಉಳಿಯುವುದು ವರ್ಷಕ್ಕೆ ನಾನೂರು ರೂಪಾಯಿಯ ಆಸುಪಾಸು. ಹತ್ತು ಸಾವಿರ ತೀರುವ ಮೊದಲೇ ಯಂತ್ರದ ಆಯುಷ್ಯ ಮುಗಿದಿರುತ್ತದೆ. ರಾಯಚೂರು, ಕಲಬುರಗಿ, ಮಂಗಳೂರುಗಳ ಸ್ಥಿತಿ ಹಾಗಲ್ಲ. ಬೆಸ್ಕಾಂ ಗ್ರಾಹಕರಿಗೆ ರಿಯಾಯಿತಿಯ ಕಲ್ಪನೆಯೇನೂ ಹೊಸದಲ್ಲ. 2004ರ ಕೊನೆಯಲ್ಲಿ ಆರಂಭವಾದ ಯೋಜನೆಯಲ್ಲಿ ಸಿಎಫ್‌ಎಲ್ ದೀಪಗಳ ಬೆಲೆಯನ್ನು ವಿದ್ಯುತ್ ಬಿಲ್ಲಿನ ಮೂಲಕ ಕಂತುಗಳಲ್ಲಿ ಕಟ್ಟುವ ಅವಕಾಶವಿತ್ತು. ಸೌರ ಜಲತಾಪಕ ಅಳವಡಿಸಿದ ಮನೆಗಳಿಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ಬಿಲ್ಲಿನಲ್ಲಿ ಕಡಿತ ನೀಡಲು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ಅವಕಾಶ ಕಲ್ಪಿಸಿದ್ದವು. ಬೆಳಗಿನ ಬಿಸಿನೀರಿನಿಂದಲೇ ಬೇಡಿಕೆ ಏರುವ ಊರಿಗೆ ಆ ರಿಯಾಯಿತಿಯೇ ಹೆಚ್ಚು ಒಪ್ಪುವಂಥದ್ದಾಗಿತ್ತು.